ಎಚ್ ಅಲೆ ಯಾಕೆ ಸಿಗುತ್ತಿಲ್ಲ? ಇಲಿಯ ಬೆನ್ನುಹುರಿ ರಿಫ್ಲೆಕ್ಸ್ ಮತ್ತು ನರದ ವೇಗ ಅಳೆಯಲು ಹಂತ ಹಂತದ ಮಾರ್ಗದರ್ಶಿ

"ಎಂ ಅಲೆ ಚೆನ್ನಾಗಿ ಬರ್ತಿದೆ, ಎಚ್ ಮಾತ್ರ ಕಾಣ್ತಿಲ್ಲ." "ನಿನ್ನೆ ಬಂತು, ಇವತ್ತು ಇಲ್ಲ." "ಅದೇ ಇಲಿ, ಅದೇ ಕಾಲು, ನರದ ವೇಗ ಮಾತ್ರ ಒಂದೊಂದು ಸಲ ಒಂದೊಂದು ಥರ." ಬೆಂಗಳೂರಿನ ಲ್ಯಾಬ್‌ಗಳಲ್ಲಿ ಬೆನ್ನುಹುರಿ ರಿಫ್ಲೆಕ್ಸ್ ಮೇಲೆ ಹೊಸದಾಗಿ ಕೆಲಸ ಶುರು ಮಾಡಿದವರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ನರಕ್ಕೆ ಪಲ್ಸ್ ಕೊಟ್ಟಾಗ ನೇರವಾಗಿ ಸ್ನಾಯುವಿಗೆ ಇಳಿದು ಬರುವ ಅಲೆ ಎಂ, ಬೆನ್ನುಹುರಿಗೆ ಹೋಗಿ ವಾಪಸ್ ಬರುವ ರಿಫ್ಲೆಕ್ಸ್ ಅಲೆ ಎಚ್. ಎಚ್ ಸಿಗದಿದ್ದಾಗ ಎಲ್ಲರ ಕೈ ಮೊದಲು ಹೋಗುವುದು ಪಲ್ಸ್ ಕೊಡುವ ಯಂತ್ರದ, ಅಂದರೆ ಸ್ಟಿಮ್ಯುಲೇಟರ್‌ನ ಗುಂಡಿಗೆ. ಕರೆಂಟ್ ಜಾಸ್ತಿ ಮಾಡುತ್ತಾರೆ. ಎಚ್ ಅಲೆಯ ಸ್ವಭಾವವೇ ಬೇರೆ, ಒಂದು ಮಿತಿ ದಾಟಿ ಕರೆಂಟ್ ಏರಿಸಿದಷ್ಟೂ ಅದು ಕುಗ್ಗುತ್ತದೆ.

ತೊಂದರೆ ಇರುವುದು ಕೆಲಸದ ಕ್ರಮದಲ್ಲಿ. ಇಲಿಯ ಮೈಬಿಸಿ, ಅರಿವಳಿಕೆಯ ಆಳ, ವೈರಿನ ಗದ್ದಲ (ಬೇಡದ ವಿದ್ಯುತ್ ಸಂಕೇತ), ಎಂ ಅಲೆ ಈ ನಾಲ್ಕೂ ಸರಿಯಾಗುವ ಮೊದಲೇ ಎಚ್ ಹುಡುಕಲು ಹೊರಟರೆ ಅದು ಸಿಗುವುದಿಲ್ಲ. ಸಿಕ್ಕರೂ ಅದನ್ನು ನಂಬುವ ಹಾಗಿಲ್ಲ. ಎಚ್ ಅಲೆ ಕೊನೆಗೆ ಬರಬೇಕಾದದ್ದು. ಇಲ್ಲಿನ ಹಂತಗಳು ಆ ಕ್ರಮದಲ್ಲೇ ಇವೆ. ಯಾವುದನ್ನೂ ಹಾರಿಸಬೇಡಿ.

ಏನನ್ನು ಅಳೆಯುತ್ತಿದ್ದೀರಿ

ಇಲಿಯ ಹಿಂಗಾಲಿನ ಹಿಮ್ಮಡಿ ಹತ್ತಿರ ಟಿಬಿಯಲ್ ನರಕ್ಕೆ ಒಂದು ಸಣ್ಣ ಪಲ್ಸ್ ಕೊಡುತ್ತೀರಿ. ಪಾದದ ಸಣ್ಣ ಸ್ನಾಯುವಿನಲ್ಲಿ ಏನಾಯಿತು ಎಂದು ನೋಡುತ್ತೀರಿ. ಅಲ್ಲಿ ಎರಡು ಅಲೆ ಕಾಣಬೇಕು.

ಮೊದಲನೆಯದು ಎಂ. ಪಲ್ಸ್ ನೇರವಾಗಿ ಚಾಲಕ ನಾರುಗಳನ್ನು ಮುಟ್ಟಿ, ಸಂಕೇತ ಕೆಳಗೆ ಸ್ನಾಯುವಿಗೆ ಇಳಿಯುತ್ತದೆ. ದಾರಿ ಚಿಕ್ಕದು, ಸುಮಾರು 2 ಮಿಲಿಸೆಕೆಂಡ್‌ನಲ್ಲಿ ಬಂದುಬಿಡುತ್ತದೆ. ಎರಡನೆಯದು ಎಚ್. ಅದೇ ಪಲ್ಸ್ ಸಂವೇದಕ ನಾರುಗಳನ್ನೂ ಮುಟ್ಟುತ್ತದೆ. ಆ ಸಂಕೇತ ಮೇಲೆ ಬೆನ್ನುಹುರಿಗೆ ಹೋಗಿ, ಅಲ್ಲಿ ಒಂದು ಸಿನಾಪ್ಸ್ (ಎರಡು ನರಕೋಶಗಳು ಸಂಧಿಸುವ ಜಾಗ) ದಾಟಿ, ಚಾಲಕ ನರಕೋಶವನ್ನು ಎಬ್ಬಿಸಿ, ವಾಪಸ್ ಪಾದಕ್ಕೆ ಇಳಿಯುತ್ತದೆ.

ಈ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಹಾಕಿ ನೋಡಿ. ದೊಡ್ಡ ಇಲಿಯಲ್ಲಿ ಹಿಮ್ಮಡಿಯಿಂದ ಬೆನ್ನುಹುರಿಗೆ ಸುಮಾರು 12 ಸೆಂ.ಮೀ. ಅಂದುಕೊಳ್ಳಿ. ಹೋಗಿ ಬರಲು 24 ಸೆಂ.ಮೀ. ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಅದಕ್ಕೆ 4.8 ಮಿಲಿಸೆಕೆಂಡ್ ಬೇಕು. ಬೆನ್ನುಹುರಿಯ ಸಿನಾಪ್ಸ್ ಮತ್ತು ನರ ಸ್ನಾಯುವನ್ನು ಸೇರುವ ಜಾಗ, ಈ ಎರಡು ಕಡೆ ಸೇರಿ ಒಂದೂವರೆ ಎರಡು ಮಿಲಿಸೆಕೆಂಡ್. ಹಿಮ್ಮಡಿಯಿಂದ ಪಾದದವರೆಗಿನ ತುಣುಕಿಗೆ ಇನ್ನೂ ಸ್ವಲ್ಪ. ಅಂದರೆ ಎಚ್ ಬರಬೇಕಾದದ್ದು 7ರಿಂದ 9 ಮಿಲಿಸೆಕೆಂಡ್ ಆಸುಪಾಸಿನಲ್ಲಿ. 4 ಮಿಲಿಸೆಕೆಂಡ್‌ಗೆ ಏನೋ ಉಬ್ಬು ಕಂಡರೆ ಅದು ಎಚ್ ಅಲ್ಲ. ಅಷ್ಟು ಬೇಗ ಬೆನ್ನುಹುರಿಗೆ ಹೋಗಿ ಬರಲು ಆಗುವುದೇ ಇಲ್ಲ.

ಹಂತ 1: ಅನುಮತಿ, ಔಷಧಿ, ಕಾಗದ

ಇದನ್ನು ಕಾಲೇಜಿನ ಮೂಲೆಯಲ್ಲಿ ಸುಮ್ನೆ ಮಾಡಿ ನೋಡುವ ಹಾಗಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ ಪ್ರಾಣಿ ಪ್ರಯೋಗಗಳನ್ನು ನೋಡಿಕೊಳ್ಳುವ ಸಿ.ಸಿ.ಎಸ್.ಇ.ಎ. ಎಂಬ ಕೇಂದ್ರ ಸಮಿತಿ ಇದೆ. ಮೊದಲು ಇದನ್ನು ಸಿ.ಪಿ.ಸಿ.ಎಸ್.ಇ.ಎ. ಎನ್ನುತ್ತಿದ್ದರು, ಹಿರಿಯರು ಈಗಲೂ ಹಾಗೇ ಕರೆಯುತ್ತಾರೆ. ನಿಮ್ಮ ಸಂಸ್ಥೆ ಅದರಲ್ಲಿ ನೋಂದಣಿ ಆಗಿರಬೇಕು. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಫಾರ್ಮ್ ಬಿ ಕೊಟ್ಟು, ಒಪ್ಪಿಗೆ ಬಂದ ಮೇಲೆ ಇಲಿ ತರಿಸಬೇಕು. ನಿಮ್ಹಾನ್ಸ್, ಐ.ಐ.ಎಸ್.ಸಿ., ಎನ್.ಸಿ.ಬಿ.ಎಸ್. ಥರದ ಸಂಶೋಧನಾ ಸಂಸ್ಥೆಗಳಲ್ಲಿ ಇದಕ್ಕೆ ವ್ಯವಸ್ಥಿತ ಪ್ರಾಣಿ ವಿಭಾಗಗಳಿವೆ. ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಅಂಥ ಜಾಗದ ಮಾರ್ಗದರ್ಶಕರ ಜೊತೆ ಸೇರಿ ಕೆಲಸ ಮಾಡುವುದೇ ದಾರಿ.

ಫಾರ್ಮ್‌ನಲ್ಲಿ ಜನ ಮರೆಯುವುದು ಎರಡು ವಿಷಯ. ಒಂದು, ಕಲಿಯಲು ಬೇಕಾಗುವ ಇಲಿಗಳನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಇನ್ನೊಂದು, ಅರಿವಳಿಕೆ ಸಾಲದೆ ಹೋದರೆ ಏನು ಮಾಡುತ್ತೀರಿ ಎಂದು ಬರೆಯುವುದಿಲ್ಲ. ಎರಡನ್ನೂ ಬರೆಯಿರಿ. ಈ ವಿಧಾನದಲ್ಲಿ ಕೊಯ್ಯುವುದಿಲ್ಲ, ಚರ್ಮದ ಮೂಲಕ ಸೂಜಿ ಮಾತ್ರ. ಹಾಗಾಗಿ ಇಲಿ ಎದ್ದು ಓಡಾಡುತ್ತದೆ, ಅದೇ ಇಲಿಯನ್ನು ವಾರಗಳ ನಂತರ ಮತ್ತೆ ಅಳೆಯಬಹುದು. ಪ್ರಾಣಿಗಳ ಸಂಖ್ಯೆ ಕಡಿಮೆ ಮಾಡಲು ಇದು ದೊಡ್ಡ ಅನುಕೂಲ. ಸಮಿತಿಗೆ ಅದನ್ನು ಸ್ಪಷ್ಟವಾಗಿ ಹೇಳಿ.

ಅರಿವಳಿಕೆಗೆ ಬಳಸುವ ಕೆಟಮಿನ್ ಶೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಕಟ್ಟುನಿಟ್ಟಿನ ನಿಯಂತ್ರಣ ಇರುವಂಥದ್ದು. ಬೀಗ ಹಾಕಿದ ಕಪಾಟು, ರಿಜಿಸ್ಟರ್, ಪ್ರತಿ ಮಿ.ಲೀ.ಗೂ ಲೆಕ್ಕ ಇರಬೇಕು. ಡೋಸ್ ಎಷ್ಟು ಎಂದು ಇಲ್ಲಿ ಬರೆಯುತ್ತಿಲ್ಲ. ಅದನ್ನು ನಿಮ್ಮ ಪ್ರಾಣಿ ವಿಭಾಗದ ಪಶುವೈದ್ಯರು ಇಲಿಯ ತಳಿ, ವಯಸ್ಸು, ತೂಕ ನೋಡಿ ಹೇಳಬೇಕು. ಹೊಸ ಇಲಿಗಳು ಬಂದ ಕೂಡಲೇ ಕೆಲಸ ಶುರು ಮಾಡಬೇಡಿ. ಪ್ರಯಾಣದ ದಣಿವು ಹೋಗಿ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಒಂದು ವಾರ ಬಿಡಿ. ಆ ವಾರ ದಿನಾ ಕೈಗೆತ್ತಿಕೊಂಡು ರೂಢಿ ಮಾಡಿಸಿ. ಹೆದರಿದ ಇಲಿಗೆ ಅರಿವಳಿಕೆ ಸರಿಯಾಗಿ ಹಿಡಿಯುವುದಿಲ್ಲ.

ಹಂತ 2: ಮೊದಲು ಮನುಷ್ಯರ ಕಾಲಿನಲ್ಲಿ ಕಲಿಯಿರಿ

ಈ ಹಂತ ಹಾರಿಸುವವರೇ ಜಾಸ್ತಿ. ಮೀನಖಂಡದ ಸ್ನಾಯುವಿನಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ಎಚ್ ಅಲೆ ಇದೆ. ಮಂಡಿಯ ಹಿಂದಿನ ಕುಳಿಯಲ್ಲಿ ಚರ್ಮದ ಮೇಲೆ ಎಲೆಕ್ಟ್ರೋಡ್ ಇಟ್ಟು 1 ಮಿಲಿಸೆಕೆಂಡ್ ಅಗಲದ ಪಲ್ಸ್ ಕೊಟ್ಟರೆ, ಸುಮಾರು 30 ಮಿಲಿಸೆಕೆಂಡ್‌ಗೆ ಎಚ್ ಬರುತ್ತದೆ. ಬೆನ್ನುಹುರಿ ದೂರ ಇರುವುದರಿಂದ ಎಂ ಮತ್ತು ಎಚ್ ನಡುವೆ ಜಾಗ ಧಾರಾಳ. ಕಣ್ಣು ಪಳಗಲು ಇದಕ್ಕಿಂತ ಒಳ್ಳೆಯದು ಇಲ್ಲ.

ಇದಕ್ಕೂ ಸಂಸ್ಥೆಯ ಮಾನವ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಮನುಷ್ಯರ ಮೇಲೆ ಬಳಸಲೆಂದೇ ಮಾಡಿದ ಐಸೋಲೇಟೆಡ್ (ಗೋಡೆಯ ಕರೆಂಟ್‌ನಿಂದ ಬೇರ್ಪಡಿಸಿದ) ಸ್ಟಿಮ್ಯುಲೇಟರ್ ಮಾತ್ರ ಬಳಸಿ. ಪೇಸ್‌ಮೇಕರ್ ಇದ್ದವರು, ಮೂರ್ಛೆರೋಗ ಇದ್ದವರು ಬೇಡ.

ಇಲ್ಲಿ ನಾಲ್ಕು ವಿಷಯ ಕಣ್ಣಾರೆ ನೋಡಿಕೊಳ್ಳಿ. ಕರೆಂಟ್ ಮೆಲ್ಲಗೆ ಏರಿಸಿದಾಗ ಎಂ ಬರುವ ಮೊದಲೇ ಎಚ್ ಬರುತ್ತದೆ. ಇನ್ನೂ ಏರಿಸಿದರೆ ಎಚ್ ಕುಗ್ಗಿ ಎಂ ಬೆಳೆಯುತ್ತದೆ. ಪಲ್ಸ್‌ಗಳನ್ನು ಒಂದರ ಹಿಂದೆ ಒಂದು ಬೇಗ ಬೇಗ ಕೊಟ್ಟರೆ ಎಚ್ ಸಣ್ಣದಾಗುತ್ತದೆ. ಕೂತವರು ಎರಡೂ ಕೈಯ ಬೆರಳುಗಳನ್ನು ಹೆಣೆದು ಜೋರಾಗಿ ಎಳೆದರೆ ಎಚ್ ದೊಡ್ಡದಾಗುತ್ತದೆ. ಕೊನೆಯದನ್ನು ಇಲಿಯಲ್ಲಿ ಮಾಡಿಸಲಾಗದು. ಮೊದಲ ಮೂರು ಮಾತ್ರ ಇಲಿಯಲ್ಲೂ ಹಾಗೇ ಕಾಣಬೇಕು.

ಹಂತ 3: ಇಲಿ ತರುವ ಮೊದಲು ಗದ್ದಲ ಕಳೆಯಿರಿ

ಬೇಕಾದ ಸಲಕರಣೆ ಇಷ್ಟು: ಕರೆಂಟ್ ಸ್ಥಿರವಾಗಿ ಕೊಡುವ ಐಸೋಲೇಟೆಡ್ ಸ್ಟಿಮ್ಯುಲೇಟರ್, ಡಿಫರೆನ್ಷಿಯಲ್ ಆಂಪ್ಲಿಫೈಯರ್ (ಎರಡು ಸೂಜಿಗಳ ನಡುವಿನ ವ್ಯತ್ಯಾಸವನ್ನು ಹಿಗ್ಗಿಸುವಂಥದ್ದು), ಡೇಟಾ ಹಿಡಿಯುವ ಪೆಟ್ಟಿಗೆ, ಸ್ಟೀಲ್ ಸೂಜಿ ಎಲೆಕ್ಟ್ರೋಡ್ ಐದಾರು, ಥರ್ಮಾಮೀಟರ್ ಜೋಡಿಸಿದ ಹೀಟಿಂಗ್ ಪ್ಯಾಡ್, ಚರ್ಮದ ಬಿಸಿ ನೋಡಲು ಇನ್ನೊಂದು ಸಣ್ಣ ಥರ್ಮಾಮೀಟರ್, ವರ್ನಿಯರ್ ಕ್ಯಾಲಿಪರ್, ಕಣ್ಣಿನ ಮುಲಾಮು, ಮೈಕ್ರೊಪೋರ್ ಟೇಪ್. ಶೀಲ್ಡ್ ಇರುವ ವೈರು, ಕನೆಕ್ಟರು ಎಸ್.ಪಿ. ರೋಡ್‌ನಲ್ಲಿ ಸಿಗುತ್ತವೆ. ಹೊರಗಿನ ಗದ್ದಲ ತಡೆಯುವ ಲೋಹದ ಜಾಲರಿ ಗೂಡನ್ನು, ಅಂದರೆ ಫ್ಯಾರಡೆ ಪಂಜರವನ್ನು ನೀವೇ ಕಟ್ಟುವುದಾದರೆ ತಾಮ್ರದ ಜಾಲರಿ ಕೊಳ್ಳಿ, ಎಲ್ಲಾ ಮಗ್ಗುಲುಗಳೂ ಒಂದಕ್ಕೊಂದು ಬೆಸುಗೆಯಲ್ಲಿ ಸೇರಿರಬೇಕು. ಒಂದು ಮಗ್ಗುಲು ಬಿಟ್ಟುಹೋದರೆ ಅದೇ ಆಂಟೆನಾ ಆಗುತ್ತದೆ.

ಇಲಿ ಇಲ್ಲದೆ ಪರೀಕ್ಷೆ ಮಾಡುವುದು ಹೀಗೆ. ಸಲೈನ್‌ನಲ್ಲಿ ನೆನೆಸಿದ ಹತ್ತಿಯ ಉಂಡೆಗೆ ಮೂರು ಸೂಜಿ ಚುಚ್ಚಿ, ರೆಕಾರ್ಡಿಂಗ್ ಶುರು ಮಾಡಿ. ಪರದೆಯಲ್ಲಿ 20 ಮಿಲಿಸೆಕೆಂಡ್‌ಗೆ ಒಂದು ಸಲ ಮೇಲೆ ಕೆಳಗೆ ಹೋಗುವ ನುಣುಪಾದ ಅಲೆ ಕಂಡರೆ ಅದು ಗೋಡೆಯ 50 ಹರ್ಟ್ಸ್. ಈಗ ಕೋಣೆಯಲ್ಲಿರುವುದನ್ನು ಒಂದೊಂದಾಗಿ ಆರಿಸುತ್ತಾ ಬನ್ನಿ. ಟ್ಯೂಬ್‌ಲೈಟ್, ಎ.ಸಿ., ಲ್ಯಾಪ್‌ಟಾಪ್ ಚಾರ್ಜರ್, ಹೀಟಿಂಗ್ ಪ್ಯಾಡ್. ಯಾವುದನ್ನು ಆರಿಸಿದಾಗ ಅಲೆ ಸಣ್ಣದಾಯಿತೋ ಅದೇ ಕಳ್ಳ. ಬಹಳ ಸಲ ಅದು ಹೀಟಿಂಗ್ ಪ್ಯಾಡ್ ಆಗಿರುತ್ತದೆ. ಬಿಸಿನೀರು ಸುತ್ತುವ ಪ್ಯಾಡ್ ಅಥವಾ ಡಿ.ಸಿ.ಯಲ್ಲಿ ನಡೆಯುವ ಪ್ಯಾಡ್‌ಗೆ ಬದಲಿಸಿ. ಪ್ಯಾಡ್ ಆರಿಸಿಟ್ಟು ರೆಕಾರ್ಡ್ ಮಾಡೋಣ ಎಂದು ಮಾತ್ರ ಯೋಚಿಸಬೇಡಿ. ಯಾಕೆ ಎಂಬುದು ಮುಂದಿನ ಹಂತದಲ್ಲಿದೆ.

50 ಹರ್ಟ್ಸನ್ನು ಮಾತ್ರ ಕತ್ತರಿಸುವ ನಾಚ್ ಫಿಲ್ಟರ್ ಹಾಕಿ ಕೈತೊಳೆದುಕೊಳ್ಳುವ ಅಭ್ಯಾಸ ಬಿಡಿ. ಸ್ಟಿಮ್ಯುಲೇಟರ್‌ನ ಪಲ್ಸ್ ನಾಚ್ ಫಿಲ್ಟರ್ ಒಳಗೆ ಹೋದರೆ ಹೊರಗೆ ಬರುವಾಗ ಹಿಂದೊಂದು ಅಲೆಗಳ ಬಾಲ ಕಟ್ಟಿಕೊಂಡು ಬರುತ್ತದೆ. ಆ ಬಾಲವನ್ನು ಎಚ್ ಎಂದುಕೊಂಡು ಅಳೆಯುವ ಅಪಾಯ ಇದೆ. ಗದ್ದಲವನ್ನು ಮೂಲದಲ್ಲೇ ಕಳೆಯಬೇಕು. ಫಿಲ್ಟರ್ ಸುಮಾರು 10 ಹರ್ಟ್ಸ್‌ನಿಂದ 5 ಕಿಲೋಹರ್ಟ್ಸ್ ಇರಲಿ. ಸ್ಯಾಂಪ್ಲಿಂಗ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೀರಿ ಎಂಬುದು, 20 ಕಿಲೋಹರ್ಟ್ಸ್‌ಗಿಂತ ಕಡಿಮೆ ಬೇಡ.

ಬೆಂಗಳೂರಿಗೇ ಸೇರಿದ ಇನ್ನೊಂದು ಮಾತು. ಮಳೆಗಾಲದ ಮಧ್ಯಾಹ್ನ ಗುಡುಗು ಶುರುವಾಗಿ ಪವರ್ ಹೋದರೆ ಲ್ಯಾಬ್ ಯು.ಪಿ.ಎಸ್. ಮೇಲೆ ನಡೆಯುತ್ತದೆ. ಕೆಲವು ಇನ್ವರ್ಟರ್‌ಗಳು ಚೌಕ ಅಲೆ ಕೊಡುತ್ತವೆ, ಅದರ ಗದ್ದಲ ಬೇರೆ ಥರ. ಪವರ್ ಹೋದ ಹೊತ್ತು, ಬಂದ ಹೊತ್ತು ನೋಟ್‌ಬುಕ್‌ನಲ್ಲಿ ಬರೆಯಿರಿ. ಒಂದೇ ಸರಣಿಯಲ್ಲಿ ಎರಡನ್ನೂ ಬೆರೆಸಬೇಡಿ. ಹಳೆಯ ಕಟ್ಟಡವಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಅಳೆಸಿ. ಇಲಿಗೂ ನಿಮಗೂ ಇಬ್ಬರಿಗೂ ಅದು ಬೇಕು.

ಹಂತ 4: ಅರಿವಳಿಕೆ ಮತ್ತು ಮೈಬಿಸಿ

ಹೆಚ್ಚಿನ ಸೋಲುಗಳು ಆಗುವುದು ಇಲ್ಲೇ. ಆದರೆ ಪರದೆಯಲ್ಲಿ ಕಾಣುವುದು ಮೂರು ಹಂತ ಆದ ಮೇಲೆ. ಅದಕ್ಕೇ ಯಾರಿಗೂ ಇದರ ಮೇಲೆ ಅನುಮಾನ ಬರುವುದಿಲ್ಲ.

ಅರಿವಳಿಕೆ ನೋವನ್ನು ಮರೆಸುತ್ತದೆ, ಜೊತೆಗೆ ಬೆನ್ನುಹುರಿಯ ಸಿನಾಪ್ಸನ್ನೂ ಮಂಕು ಮಾಡುತ್ತದೆ. ಉಸಿರಿನ ಮೂಲಕ ಕೊಡುವ ಐಸೋಫ್ಲೂರೇನ್ ಆಳವಾದಷ್ಟೂ ಎಚ್ ಅಲೆ ಕುಗ್ಗುತ್ತದೆ. ಕೆಟಮಿನ್ ಇದನ್ನು ಅಷ್ಟು ಕುಗ್ಗಿಸುವುದಿಲ್ಲ. ಅದಕ್ಕೇ ಈ ಕೆಲಸಕ್ಕೆ ಕೆಟಮಿನ್ ಇರುವ ಮಿಶ್ರಣವನ್ನು ಜಾಸ್ತಿ ಬಳಸುತ್ತಾರೆ. ಜೊತೆಗೆ ಕೊಡುವ ಮಂಪರಿನ ಔಷಧಿ ಝೈಲಜೀನ್ ಕೂಡ ಬೆನ್ನುಹುರಿಯ ಮೇಲೆ ಕೆಲಸ ಮಾಡುತ್ತದೆ. ಹಾಗಾಗಿ ಒಂದು ಗುಂಪಿನ ಇಲಿಗಳಿಗೆ ಒಂದು ಔಷಧಿ, ಇನ್ನೊಂದು ಗುಂಪಿಗೆ ಬೇರೆ ಎಂದು ಮಾಡಿದರೆ ಆ ಹೋಲಿಕೆಗೆ ಅರ್ಥವೇ ಇಲ್ಲ. ಔಷಧಿ, ಡೋಸ್, ಚುಚ್ಚಿದ ಮೇಲೆ ಕಾಯುವ ಸಮಯ ಎಲ್ಲಾ ಇಲಿಗೂ ಒಂದೇ ಇರಬೇಕು.

ಆಳ ನೋಡುವುದು ಬೆರಳು ಹಿಂಡಿ. ಅಳೆಯುವ ಕಾಲನ್ನು ಬಿಟ್ಟು ಇನ್ನೊಂದು ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಹಿಂಡಿದಾಗ ಕಾಲು ಎಳೆದುಕೊಳ್ಳಬಾರದು. ಎಳೆದುಕೊಂಡರೆ ಸೂಜಿ ಚುಚ್ಚುವ ಹೊತ್ತು ಇನ್ನೂ ಬಂದಿಲ್ಲ, ಕಾಯಿರಿ. ಐದೈದು ನಿಮಿಷಕ್ಕೆ ಮತ್ತೆ ನೋಡಿ. ಮೀಸೆ ಅಲ್ಲಾಡುವುದು, ಬಾಲ ಅಲ್ಲಾಡುವುದು, ಉಸಿರು ಇದ್ದಕ್ಕಿದ್ದಂತೆ ಬೇಗ ಆಗುವುದು ಇವು ಎಚ್ಚರವಾಗುತ್ತಿರುವ ಗುರುತುಗಳು. ಆಗ ಪಲ್ಸ್ ನಿಲ್ಲಿಸಿ, ಒಪ್ಪಿಗೆ ಪಡೆದಿರುವಷ್ಟೇ ಹೆಚ್ಚುವರಿ ಡೋಸ್ ಕೊಡಿ. ಕೊಟ್ಟ ಮೇಲೆ ಕೊನೆಪಕ್ಷ ಹತ್ತು ನಿಮಿಷ ಬಿಟ್ಟು ಅಳೆಯಿರಿ, ಆ ಹತ್ತು ನಿಮಿಷದ ಎಚ್ ನಂಬುವಂಥದ್ದಲ್ಲ. ಉಸಿರು ತೀರಾ ನಿಧಾನವಾಗಿ ಏದುಸಿರಿನಂತೆ ಕಂಡರೆ, ಮೂತಿ ಪಾದ ಎಲ್ಲಾ ನೀಲಿಗಟ್ಟಿದರೆ ಡೇಟಾ ಮರೆತು ಪಶುವೈದ್ಯರನ್ನು ಕರೆಯಿರಿ.

ಕಾಲು ಅಲ್ಲಾಡದಿರಲಿ ಎಂದು ಸ್ನಾಯುವನ್ನು ಕಟ್ಟಿಹಾಕುವ ಔಷಧಿ ಯಾವ ಕಾರಣಕ್ಕೂ ಕೊಡಬೇಡಿ. ಅದು ಎಂ, ಎಚ್ ಎರಡನ್ನೂ ಕೊಲ್ಲುತ್ತದೆ. ಅದಕ್ಕಿಂತ ದೊಡ್ಡ ಮಾತು, ಇಲಿಗೆ ಎಚ್ಚರ ಇದ್ದರೂ ಅದು ನಿಮಗೆ ತೋರಿಸಲಾಗದ ಸ್ಥಿತಿಗೆ ಬೀಳುತ್ತದೆ.

ಇನ್ನು ಬಿಸಿ. ಅರಿವಳಿಕೆಯಲ್ಲಿ ಇಲಿಯ ಮೈ ಬೇಗ ತಣ್ಣಗಾಗುತ್ತದೆ. ತಣ್ಣಗಾದ ನರ ನಿಧಾನ. ಮನುಷ್ಯರ ಕೈಕಾಲಿನ ನರಗಳಲ್ಲಿ 1 ಡಿಗ್ರಿ ಇಳಿದರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತದೆ. ಇಲಿಯ ನರವೂ ಹಾಗೇ ನಿಧಾನವಾಗುತ್ತದೆ. ಪ್ಯಾಡ್ ಬಿಸಿಯಾದ ಮೇಲೆ ಇಂಜೆಕ್ಷನ್ ಕೊಡಿ, ಇಂಜೆಕ್ಷನ್ ಆದ ಮೇಲೆ ಪ್ಯಾಡ್ ಹಾಕುವುದಲ್ಲ. ಗುದದ ಥರ್ಮಾಮೀಟರ್ 37 ಡಿಗ್ರಿ ಇರಲಿ, ಅರ್ಧ ಡಿಗ್ರಿ ಆಚೀಚೆ ಸರಿ.

ಅಲ್ಲಿಗೆ ಮುಗಿಯಲಿಲ್ಲ. ಹೊಟ್ಟೆಯೊಳಗೆ 37 ಇದ್ದರೂ ಪ್ಯಾಡ್‌ನಿಂದ ಹೊರಗೆ ಚಾಚಿದ ಕಾಲು ತಣ್ಣಗೆ ಕೂತಿರುತ್ತದೆ. ಡಿಸೆಂಬರ್ ಜನವರಿಯಲ್ಲಿ, ಜೊತೆಗೆ ಎ.ಸಿ. ಓಡುತ್ತಿದ್ದರೆ ಕೇಳಲೇಬೇಡಿ. ಬೇಸಿಗೆಯ ಇಲಿಗಳಿಗಿಂತ ಚಳಿಗಾಲದ ಇಲಿಗಳ ನರ ನಿಧಾನ ಎಂಬ ತೀರ್ಮಾನಕ್ಕೆ ಬರುವವರು ಕಾಲಿನ ಬಿಸಿ ನೋಡಿರುವುದಿಲ್ಲ. ಮೀನಖಂಡದ ಚರ್ಮಕ್ಕೆ ಸಣ್ಣ ಥರ್ಮಾಮೀಟರ್ ಅಂಟಿಸಿ. ಕಾಲನ್ನೂ ಪ್ಯಾಡ್ ಮೇಲೇ ಇಡಿ, ಬೇಕಿದ್ದರೆ ದೂರದಿಂದ ಬಿಸಿ ದೀಪ ಬಿಡಿ. ಎರಡೂ ಅಂಕಿಯನ್ನು ಪ್ರತಿ ಸರಣಿಯ ಮುಂದೆ ಬರೆಯಿರಿ.

ಕಣ್ಣಿಗೆ ಮುಲಾಮು ಹಚ್ಚುವುದು ಮರೆಯಬೇಡಿ. ಕೆಟಮಿನ್ ಕೊಟ್ಟಾಗ ಕಣ್ಣು ತೆರೆದೇ ಇರುತ್ತದೆ, ಒಣಗಿದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಹಾಳಾಗುತ್ತದೆ.

ಹಂತ 5: ಸೂಜಿ ಎಲ್ಲೆಲ್ಲಿ

ಇಲಿಯನ್ನು ಹೊಟ್ಟೆ ಕೆಳಗೆ ಮಾಡಿ ಮಲಗಿಸಿ. ಕಾಲನ್ನು ಸಹಜವಾಗಿ ಚಾಚಿ, ಪಾದವನ್ನು ಟೇಪ್ ಹಾಕಿ ನಿಲ್ಲಿಸಿ. ಟೇಪ್ ಬಿಗಿಯಾಗಿ ರಕ್ತ ಓಡಾಟ ನಿಲ್ಲಬಾರದು, ಬೆರಳು ಗುಲಾಬಿ ಬಣ್ಣದಲ್ಲೇ ಇರಬೇಕು.

ಪಲ್ಸ್ ಕೊಡುವ ಜೋಡಿ ಸೂಜಿಗಳು ಹಿಮ್ಮಡಿಯ ಒಳಬದಿಗೆ, ಕಾಲ್ಗಣ್ಣಿನ ಮೂಳೆ ಮತ್ತು ಹಿಂದಿನ ಸ್ನಾಯುರಜ್ಜುವಿನ ನಡುವೆ. ಟಿಬಿಯಲ್ ನರ ಹಾದುಹೋಗುವುದು ಅಲ್ಲೇ. ಚರ್ಮದ ಕೆಳಗೆ ಕೆಲವೇ ಮಿ.ಮೀ. ಸಾಕು. ಆಳಕ್ಕೆ ತಳ್ಳಿದರೆ ನರಕ್ಕೇ ಚುಚ್ಚಿ ಗಾಯ ಆಗುತ್ತದೆ. ಎರಡು ಸೂಜಿಯಲ್ಲಿ ಕ್ಯಾಥೋಡ್ (ಋಣ ತುದಿ) ಬೆನ್ನುಹುರಿಯ ಕಡೆಗೆ, ಅಂದರೆ ಮೇಲ್ಗಡೆಗೆ ಇರಬೇಕು. ಇದನ್ನು ತಿರುವುಮುರುವು ಮಾಡಿದರೆ ಮೇಲೆ ಹೋಗುವ ಸಂಕೇತಕ್ಕೆ ಆನೋಡ್ (ಧನ ತುದಿ) ಅಡ್ಡ ಬರುತ್ತದೆ. ಎಂ ಚೆನ್ನಾಗಿ ಬಂದು ಎಚ್ ಬಾರದಿರಲು ಇದೂ ಒಂದು ಕಾರಣ. ವೈರಿನ ಬಣ್ಣ ನಂಬಬೇಡಿ, ಮೀಟರ್ ಹಿಡಿದು ನೋಡಿ.

ಅಲೆ ಹಿಡಿಯುವ ಸೂಜಿಗಳಲ್ಲಿ ಒಂದು ಪಾದದ ನಾಲ್ಕನೇ ಮತ್ತು ಐದನೇ ಬೆರಳುಗಳ ಮೂಳೆಗಳ ನಡುವಿನ ಸ್ನಾಯುವಿಗೆ. ಇನ್ನೊಂದು ಐದನೇ ಬೆರಳಿನ ಚರ್ಮದ ಕೆಳಗೆ. ಗ್ರೌಂಡ್ ಸೂಜಿ ಪಲ್ಸ್ ಕೊಡುವ ಜಾಗಕ್ಕೂ ಅಲೆ ಹಿಡಿಯುವ ಜಾಗಕ್ಕೂ ನಡುವೆ ಇದ್ದರೆ ಒಳ್ಳೆಯದು. ಜಾಗ ಸಾಲದಿದ್ದರೆ ಬಾಲದ ಬುಡಕ್ಕೆ. ಸ್ಟಿಮ್ಯುಲೇಟರ್‌ನ ಎರಡು ವೈರುಗಳನ್ನು ಒಂದಕ್ಕೊಂದು ಹೊಸೆದು, ಆಂಪ್ಲಿಫೈಯರ್ ವೈರುಗಳಿಂದ ದೂರ ಒಯ್ಯಿರಿ.

ಜಾಗ ಸರಿಯಾಗಿದೆಯೇ ಎಂದು ಪಾದವೇ ಹೇಳುತ್ತದೆ. ಸಣ್ಣ ಪಲ್ಸ್ ಕೊಟ್ಟಾಗ ಬೆರಳುಗಳು ಕೆಳಗೆ ಮಡಚಿದರೆ ಟಿಬಿಯಲ್ ನರ. ಬೆರಳು ಮೇಲೆ ಎದ್ದರೆ ನೀವು ಮುಟ್ಟುತ್ತಿರುವುದು ಪೆರೋನಿಯಲ್ ನರ, ಸೂಜಿ ತೆಗೆದು ಒಳಬದಿಗೆ ಇಡಿ. ಇಡೀ ತೊಡೆ ಎಗರಿದರೆ ಕರೆಂಟ್ ಹರಡುತ್ತಿದೆ ಎಂದರ್ಥ.

ಹಂತ 6: ಎಂ ಅಲೆ ಸ್ಥಿರವಾಗುವ ತನಕ ನಿಲ್ಲಿ

ಪಲ್ಸ್‌ನ ಅಗಲ 0.2 ಮಿಲಿಸೆಕೆಂಡ್ ಇರಲಿ. ಸೊನ್ನೆಯಿಂದ ಶುರು ಮಾಡಿ ಮೆಲ್ಲಗೆ ಏರಿಸಿ. 2 ಮಿಲಿಸೆಕೆಂಡ್ ಹತ್ತಿರ ಎಂ ಹುಟ್ಟುತ್ತದೆ, ಬೆಳೆಯುತ್ತದೆ, ಒಂದು ಕಡೆ ಬೆಳೆಯುವುದು ನಿಲ್ಲುತ್ತದೆ. ಅದು ಗರಿಷ್ಠ ಎಂ. ಅದಕ್ಕಿಂತ 20 ಪರ್ಸೆಂಟ್ ಮೇಲೆ ಹೋಗಿ, ಬೆಳೆಯುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಈಗ ಕೈಕಟ್ಟಿ ಕೂತು ಹತ್ತು ನಿಮಿಷ ನೋಡಿ. ಆಗೊಮ್ಮೆ ಈಗೊಮ್ಮೆ ಒಂದು ಪಲ್ಸ್ ಕೊಟ್ಟರೆ ಸಾಕು. ಗರಿಷ್ಠ ಎಂ ಎತ್ತರವೂ ಬರುವ ಹೊತ್ತೂ ಅಷ್ಟೇ ಇದ್ದರೆ ಸೂಜಿ ಅಲ್ಲಾಡಿಲ್ಲ, ಕಾಲು ತಣ್ಣಗಾಗಿಲ್ಲ. ಎತ್ತರ ಇಳಿಯುತ್ತಾ ಹೋದರೆ ಸೂಜಿ ಜಾರುತ್ತಿದೆ. ಎತ್ತರ ಇದ್ದು ಬರುವ ಹೊತ್ತು ತಡವಾಗುತ್ತಾ ಹೋದರೆ ಕಾಲು ತಣ್ಣಗಾಗುತ್ತಿದೆ. ಈ ಎರಡರಲ್ಲಿ ಯಾವುದಿದ್ದರೂ ಮುಂದೆ ಹೋಗಬೇಡಿ.

ಹಂತ 7: ಈಗ ಎಚ್ ಅಲೆ

ಕರೆಂಟನ್ನು ಮತ್ತೆ ಸೊನ್ನೆಗೆ ತನ್ನಿ. ಎಂ ಹುಟ್ಟುವ ಮಟ್ಟಕ್ಕಿಂತ ಕೆಳಗಿನಿಂದ ಸಣ್ಣ ಸಣ್ಣ ಹೆಜ್ಜೆಯಲ್ಲಿ ಏರಿಸಿ. ಪಲ್ಸ್‌ಗಳ ನಡುವೆ 10 ಸೆಕೆಂಡ್ ಬಿಡುವು ಕೊಡಿ. ಬೇಜಾರಾಗುತ್ತದೆ ನಿಜ, ಆದರೂ ಅವಸರ ಮಾಡಬೇಡಿ. ಸೆಕೆಂಡಿಗೊಂದು ಪಲ್ಸ್ ಕೊಟ್ಟು ಎಚ್ ಹುಡುಕುವವರು ತಾವೇ ಅದನ್ನು ಕುಗ್ಗಿಸುತ್ತಿರುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಐದಾರು ಪಲ್ಸ್ ತೆಗೆದುಕೊಂಡು ಸರಾಸರಿ ಮಾಡಿ.

ಸರಿಯಾದ ಇಲಿಯಲ್ಲಿ ಕಾಣುವುದು ಹೀಗೆ: 7ರಿಂದ 9 ಮಿಲಿಸೆಕೆಂಡ್ ನಡುವೆ ಸಣ್ಣ ಅಲೆ ಏಳುತ್ತದೆ, ಕರೆಂಟ್ ಜೊತೆ ಬೆಳೆಯುತ್ತದೆ, ತುದಿ ಮುಟ್ಟುತ್ತದೆ, ಆಮೇಲೆ ಎಂ ದೊಡ್ಡದಾಗುತ್ತಿದ್ದಂತೆ ಇದು ಕುಗ್ಗುತ್ತದೆ. ಕುಗ್ಗುವುದಕ್ಕೆ ಕಾರಣ ಇದೆ. ಜಾಸ್ತಿ ಕರೆಂಟ್ ಕೊಟ್ಟಾಗ ಚಾಲಕ ನಾರುಗಳಲ್ಲಿ ಸಂಕೇತ ಕೆಳಗೂ ಹೋಗುತ್ತದೆ, ಹಿಮ್ಮುಖವಾಗಿ ಮೇಲಕ್ಕೂ ಹೋಗುತ್ತದೆ. ಬೆನ್ನುಹುರಿಯಿಂದ ಇಳಿಯುತ್ತಿರುವ ರಿಫ್ಲೆಕ್ಸ್ ಸಂಕೇತ ಅದಕ್ಕೆ ಎದುರಾಗುತ್ತದೆ. ಚಿಕ್ಕಪೇಟೆಯ ಗಲ್ಲಿಯಲ್ಲಿ ಎದುರುಬದುರು ಸಿಕ್ಕಿಕೊಂಡ ಎರಡು ಆಟೋಗಳ ಹಾಗೆ, ಎರಡರಲ್ಲಿ ಯಾವುದೂ ಮುಂದೆ ಹೋಗುವುದಿಲ್ಲ.

ಈ ಏರಿಳಿತದ ಗೆರೆಯನ್ನು ಪೂರ್ತಿ ಬರೆದುಕೊಳ್ಳಿ. ಗರಿಷ್ಠ ಎಚ್‌ನ ಎತ್ತರವನ್ನು ಗರಿಷ್ಠ ಎಂ ಎತ್ತರದಿಂದ ಭಾಗಿಸಿದರೆ ಬರುವ ಅನುಪಾತವೇ ನೀವು ಇಲಿಗಳ ನಡುವೆ ಹೋಲಿಸಬೇಕಾದದ್ದು. ಬರೀ ಮಿಲಿವೋಲ್ಟ್ ಹೋಲಿಸಬೇಡಿ. ಸೂಜಿ ಅರ್ಧ ಮಿ.ಮೀ. ಸರಿದರೂ ಅದು ಬದಲಾಗುತ್ತದೆ.

ಎಚ್ ಅಲ್ಲದ್ದನ್ನು ಎಚ್ ಅನ್ನುವ ತಪ್ಪು

ಎಫ್ ಅಲೆ ಎಂಬುದೊಂದಿದೆ. ಹಿಮ್ಮುಖವಾಗಿ ಮೇಲೆ ಹೋದ ಸಂಕೇತ ಚಾಲಕ ನರಕೋಶವನ್ನೇ ತಟ್ಟಿ ವಾಪಸ್ ಬಂದರೆ ಅದು ಎಫ್. ಅದಕ್ಕೆ ಸಿನಾಪ್ಸ್ ಸಂಬಂಧ ಇಲ್ಲ. ಬರುವ ಹೊತ್ತು ಮಾತ್ರ ಎಚ್‌ಗೆ ತೀರಾ ಹತ್ತಿರ. ಎರಡನ್ನೂ ಬೇರೆ ಮಾಡುವುದು ಮೂರು ಪ್ರಶ್ನೆಯಿಂದ. ಕಡಿಮೆ ಕರೆಂಟ್‌ಗೇ ಬರುತ್ತದೆಯೇ? ಕರೆಂಟ್ ತುಂಬಾ ಏರಿಸಿದರೆ ಮಾಯವಾಗುತ್ತದೆಯೇ? ಪಲ್ಸ್‌ಗಳನ್ನು ಬೇಗ ಬೇಗ ಕೊಟ್ಟರೆ ಕುಗ್ಗುತ್ತದೆಯೇ? ಮೂರಕ್ಕೂ ಹೌದು ಎಂದರೆ ಎಚ್. ಜಾಸ್ತಿ ಕರೆಂಟ್‌ನಲ್ಲಿ ಮಾತ್ರ ಬಂದು, ಒಂದೊಂದು ಪಲ್ಸ್‌ಗೂ ಆಕಾರ ಬದಲಿಸಿ, ಕೆಲವು ಸಲ ಬಾರದೇ ಇದ್ದರೆ ಅದು ಎಫ್. ಈ ಪರೀಕ್ಷೆ ಮಾಡದ ಎಚ್ ಡೇಟಾ ನಾನು ಒಪ್ಪುವುದಿಲ್ಲ. ನಿಮ್ಮ ಮಾರ್ಗದರ್ಶಕರೂ ಒಪ್ಪಬಾರದು.

ಹಂತ 8: ಪಲ್ಸ್ ಬೇಗ ಬೇಗ ಕೊಟ್ಟಾಗ

ಬೆನ್ನುಹುರಿ ಆರೋಗ್ಯವಾಗಿದೆಯೇ ಎಂದು ತಿಳಿಯಲು ಅನುಪಾತಕ್ಕಿಂತ ಇದು ಹೆಚ್ಚು ಉಪಯೋಗ. ಎಚ್ ಚೆನ್ನಾಗಿ ಕಾಣುವ ಕರೆಂಟ್‌ನಲ್ಲಿ ನಿಲ್ಲಿ. ಮೊದಲು 10 ಸೆಕೆಂಡಿಗೊಂದು ಪಲ್ಸ್, ಆಮೇಲೆ ಸೆಕೆಂಡಿಗೊಂದು, ಆಮೇಲೆ ಸೆಕೆಂಡಿಗೆ ಐದು, ಕೊನೆಗೆ ಮತ್ತೆ 10 ಸೆಕೆಂಡಿಗೊಂದು. ಪ್ರತಿ ಸರಣಿಯ ಮೊದಲ ಕೆಲವು ಪಲ್ಸ್ ಬಿಟ್ಟು ಉಳಿದವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಸರಣಿಗಳ ನಡುವೆ ಎರಡು ಮೂರು ನಿಮಿಷ ಬಿಡಿ.

ಆರೋಗ್ಯವಾದ ಇಲಿಯಲ್ಲಿ ಸೆಕೆಂಡಿಗೆ ಐದು ಕೊಟ್ಟಾಗ ಎಚ್ ಎದ್ದು ಕಾಣುವಷ್ಟು ಕುಗ್ಗುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಸ್ನಾಯು ಬಿಗಿತ ಬಂದ ಇಲಿಯಲ್ಲಿ ಈ ಕುಗ್ಗುವಿಕೆ ಕಡಿಮೆಯಾಗುತ್ತದೆ. ನೀವು ಹುಡುಕುತ್ತಿರುವುದು ಈ ವ್ಯತ್ಯಾಸ.

ಎಲ್ಲಾ ಸರಣಿಗಳಲ್ಲೂ ಎಂ ಅಷ್ಟೇ ಇರಬೇಕು. ಎಚ್ ಜೊತೆ ಎಂ ಕೂಡ ಕುಗ್ಗಿದರೆ ಬೆನ್ನುಹುರಿಗೆ ಸಂಬಂಧ ಇಲ್ಲ, ಸೂಜಿ ಸರಿದಿದೆ. ಕೊನೆಯ ನಿಧಾನ ಸರಣಿಯಲ್ಲಿ ಎಚ್ ಮೊದಲಿನ ಎತ್ತರಕ್ಕೆ ವಾಪಸ್ ಬರದಿದ್ದರೆ ಅರಿವಳಿಕೆಯ ಆಳ ಬದಲಾಗಿದೆ. ಆ ಇಲಿಯ ಆ ಹೊತ್ತಿನ ಸರಣಿಯನ್ನು ಬಿಡಿ.

ಹಂತ 9: ನರದ ವೇಗ

ಒಂದೇ ಜಾಗದಲ್ಲಿ ಪಲ್ಸ್ ಕೊಟ್ಟು, ದೂರವನ್ನು ಸಮಯದಿಂದ ಭಾಗಿಸಿ ವೇಗ ಎನ್ನುವವರಿದ್ದಾರೆ. ಅದು ತಪ್ಪು. ಆ ಸಮಯದಲ್ಲಿ ನರ ಸ್ನಾಯುವಿಗೆ ಸಂಕೇತ ದಾಟಿಸಲು ತೆಗೆದುಕೊಂಡ ಹೊತ್ತೂ ಸೇರಿರುತ್ತದೆ. ಎರಡು ಕಡೆ ಪಲ್ಸ್ ಕೊಡಬೇಕು: ಹಿಮ್ಮಡಿ ಹತ್ತಿರ ಒಂದು ಸಲ, ಸೊಂಟದ ಹತ್ತಿರ ಸಯಾಟಿಕ್ ನರಕ್ಕೆ (ಟಿಬಿಯಲ್ ನರ ಕವಲೊಡೆಯುವ ದೊಡ್ಡ ನರ) ಇನ್ನೊಂದು ಸಲ. ಎರಡರಲ್ಲೂ ಗರಿಷ್ಠ ಎಂ ಬರುವಷ್ಟು ಕರೆಂಟ್ ಇರಲಿ. ಎರಡು ಸಮಯಗಳ ವ್ಯತ್ಯಾಸ ತೆಗೆದರೆ ಸ್ನಾಯುವಿನ ಹೊತ್ತು ಕಳೆದುಹೋಗುತ್ತದೆ.

ಎರಡು ಕ್ಯಾಥೋಡ್‌ಗಳ ನಡುವೆ 36 ಮಿ.ಮೀ., ಸಮಯದ ವ್ಯತ್ಯಾಸ 0.8 ಮಿಲಿಸೆಕೆಂಡ್ ಅಂದುಕೊಳ್ಳಿ. 36ನ್ನು 0.8ರಿಂದ ಭಾಗಿಸಿದರೆ 45. ಅಂದರೆ ಸೆಕೆಂಡಿಗೆ 45 ಮೀಟರ್. ಈಗ ಕ್ಯಾಲಿಪರ್ ಹಿಡಿಯುವಾಗ 2 ಮಿ.ಮೀ. ತಪ್ಪಾಯಿತು ಎಂದರೆ ಉತ್ತರ ಎರಡೂವರೆ ಮೀಟರ್ ಆಚೀಚೆ. ಸ್ಯಾಂಪ್ಲಿಂಗ್ 2 ಕಿಲೋಹರ್ಟ್ಸ್ ಇಟ್ಟಿದ್ದರೆ ನಿಮ್ಮ ಗಡಿಯಾರವೇ ಅರ್ಧ ಮಿಲಿಸೆಕೆಂಡಿಗೊಮ್ಮೆ ನೋಡುತ್ತಿದೆ, 0.8 ಅಳೆಯುವ ಮಾತೇ ಇಲ್ಲ. ಅದಕ್ಕೇ ಹಂತ 3ರಲ್ಲಿ 20 ಕಿಲೋಹರ್ಟ್ಸ್ ಎಂದದ್ದು.

ದೂರ ಅಳೆಯುವಾಗ ಕಾಲು ಪಲ್ಸ್ ಕೊಟ್ಟಾಗ ಹೇಗಿತ್ತೋ ಹಾಗೇ ಇರಬೇಕು. ಸೂಜಿ ಚುಚ್ಚಿದ ಜಾಗಕ್ಕೆ ಪೆನ್ನಿನಲ್ಲಿ ಗುರುತು ಮಾಡಿ, ಮೂರು ಸಲ ಅಳೆದು ಮಧ್ಯದ್ದನ್ನು ತೆಗೆದುಕೊಳ್ಳಿ. ಚರ್ಮ ಎಳೆದು ಅಳೆಯಬೇಡಿ, ಇಲಿಯ ಚರ್ಮ ನರದ ಮೇಲೆ ಸಲೀಸಾಗಿ ಜಾರುತ್ತದೆ. ಅಲೆಯ ಆರಂಭವನ್ನು ಎಲ್ಲಿ ಎಂದು ಗುರುತಿಸುತ್ತೀರೋ ಎರಡೂ ಅಲೆಗಳಿಗೆ ಅದೇ ನಿಯಮ. ಒಂದರಲ್ಲಿ ಬುಡ, ಇನ್ನೊಂದರಲ್ಲಿ ತುದಿ ಎಂದು ಮಾಡಬೇಡಿ.

ಹಂತ 10: ಇಲಿಯನ್ನು ಎಬ್ಬಿಸುವುದು

ಸೂಜಿ ತೆಗೆದು, ಚುಚ್ಚಿದ ಜಾಗ ಒರೆಸಿ, ಚರ್ಮದ ಕೆಳಗೆ ಬೆಚ್ಚಗಿನ ಸಲೈನ್ ಕೊಡಿ. ಬೆಚ್ಚಗಿನ ಪಂಜರದಲ್ಲಿ ಒಂಟಿಯಾಗಿ ಇಡಿ. ಪೂರ್ತಿ ಎದ್ದು ನಡೆಯುವ ತನಕ ಜೊತೆಯವರ ಹತ್ತಿರ ಬಿಡಬಾರದು. ಅರೆಎಚ್ಚರದ ಇಲಿಯನ್ನು ಉಳಿದವು ಕಚ್ಚುವುದುಂಟು. ನೀವು ಊಟಕ್ಕೆ ಹೋಗುವುದು ಅದು ಎದ್ದ ಮೇಲೆ. ಮುಂದಿನ ಎರಡು ಮೂರು ದಿನ ತೂಕ ನೋಡಿ. ಕಾಲು ಎಳೆದು ನಡೆದರೆ, ಪಾದ ಕಚ್ಚಿಕೊಳ್ಳುತ್ತಿದ್ದರೆ, ತಿನ್ನುವುದು ಬಿಟ್ಟರೆ ಪಶುವೈದ್ಯರಿಗೆ ಅದೇ ದಿನ ಹೇಳಿ.

ಹಂತ 11: ಲೆಕ್ಕ

ಎಡಗಾಲು, ಬಲಗಾಲು ಎರಡನ್ನೂ ಅಳೆದರೆ ಅದು ಎರಡು ಇಲಿ ಆಗುವುದಿಲ್ಲ. ಒಂದು ಇಲಿಯಿಂದ ತೆಗೆದ ನೂರು ಪಲ್ಸ್ ಕೂಡ ಒಂದೇ ಇಲಿ. ಅಂಕಿಅಂಶದಲ್ಲಿ ಸಂಖ್ಯೆ ಎಂದರೆ ಇಲಿಗಳ ಸಂಖ್ಯೆ. ಅಲೆಗಳನ್ನು ಅಳೆಯುವವರಿಗೆ ಯಾವ ಇಲಿ ಯಾವ ಗುಂಪಿನದು ಎಂದು ಗೊತ್ತಿರಬಾರದು. ಫೈಲ್‌ಗಳಿಗೆ ಬರೀ ಕೋಡ್ ಹಾಕಿ, ಪಟ್ಟಿಯನ್ನು ಬೇರೆಯವರ ಹತ್ತಿರ ಇಡಿ.

ಯಾವ ಕಾರಣಕ್ಕೆ ರೆಕಾರ್ಡಿಂಗ್ ಬಿಡುತ್ತೀರಿ ಎಂಬ ನಿಯಮವನ್ನು ಮೊದಲ ಇಲಿಗೆ ಮೊದಲೇ ಬರೆದಿಡಿ: ಗುದದ ಬಿಸಿ 36.5ಕ್ಕಿಂತ ಇಳಿದರೆ, ಗರಿಷ್ಠ ಎಂ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಬದಲಾದರೆ, ಹೆಚ್ಚುವರಿ ಡೋಸ್ ಕೊಟ್ಟು ಹತ್ತು ನಿಮಿಷ ಆಗದಿದ್ದರೆ, ಹೀಗೆ. ಗ್ರಾಫ್ ನೋಡಿದ ಮೇಲೆ ನಿಯಮ ಮಾಡಬಾರದು. ಬಿಟ್ಟ ಫೈಲ್‌ಗಳನ್ನು ಅಳಿಸಬೇಡಿ. ಪಕ್ಕದಲ್ಲಿ ಕಾರಣ, ದಿನಾಂಕ, ಎರಡೂ ಥರ್ಮಾಮೀಟರ್‌ನ ಅಂಕಿ ಬರೆದು ಅದೇ ಫೋಲ್ಡರ್‌ನಲ್ಲಿ ಇಡಿ. ಪ್ರಬಂಧದಲ್ಲಿ ಎಷ್ಟು ಬಿಟ್ಟಿರಿ, ಯಾಕೆ ಎಂದು ಹೇಳಬೇಕಾದಾಗ ಅವು ಬೇಕಾಗುತ್ತವೆ.